ಐರ್ಲೆಂಡಿನ ಮರಳಲ್ಲಿ ಹೂತ ಗಾಡಿ

ನಾನು ಐರ್ಲೆಂಡಿನ ಕಡಲತೀರಕ್ಕೆ ಹೋದದ್ದು ಅಲೆ ನೋಡೋಕೆ. ಎರಡನೇ ಮಹಾಯುದ್ಧ ಶುರುವಾಗುವ ಮುಂಚಿನ ಬೇಸಿಗೆ. ಮಂಡ್ಯದಿಂದ ಇಂಗ್ಲೆಂಡಿಗೆ ಸಕ್ಕರೆ ಯಂತ್ರದ ಕೆಲಸ ಕಲಿಯಲು ಹೋಗಿದ್ದೆ. ರಜೆ ಸಿಕ್ಕಿದರೆ ಆ ತೀರ ನೋಡಲೇಬೇಕು ಅಂತ ಎಲ್ಲರೂ ಹೇಳಿದ್ದರು. ಕಪ್ಪು ಬಂಡೆ, ಬಿಳಿ ಮರಳು, ಹಸಿರು ನೀರು. ಚಂದವೇ, ಸುಳ್ಳು ಹೇಳಬಾರದು.

ಆದರೆ ನನ್ನ ಕಣ್ಣು ಹೋದದ್ದು ಒಂದು ಕುದುರೆಗಾಡಿಯ ಮೇಲೆ. ಹೊಲದ ಗೊಬ್ಬರಕ್ಕೆಂದು ಕಡಲಪಾಚಿ ತುಂಬಿಕೊಂಡಿದ್ದ ಗಾಡಿ ಅಚ್ಚಿನವರೆಗೆ ಮರಳಲ್ಲಿ ಹೂತುಹೋಗಿತ್ತು. ನೀರು ಏರುತ್ತಿತ್ತು. ಗಾಡಿಯ ಮುದುಕ ಕುದುರೆಗೆ ಬಾರಿಸುತ್ತಲೇ ಇದ್ದ.

"ಹೊಡೀಬೇಡಿ, ತಡೀರಿ," ಎಂದೆ ಇಂಗ್ಲಿಷಿನಲ್ಲಿ.

ಅವನು ನನ್ನ ಸೂಟು ನೋಡಿ, "ಗಾಡಿ ವಿಷಯ ನಿಮಗೇನು ಗೊತ್ತು?" ಎಂದ.

ನನಗೆ ರೇಗಿತು. ಮದ್ದೂರಿನ ಕೆಸರಲ್ಲಿ ಕಬ್ಬಿನ ಗಾಡಿ ಎತ್ತಿದ ಹೆಗಲು ಇದು! ಕೋಟು ಬಿಚ್ಚಿ ಎಸೆದೆ. ನಮ್ಮಲ್ಲಿ ಕಬ್ಬಿನ ಸೋಗೆ ಹಾಸುವ ಹಾಗೆ ಗಾಲಿಯ ಮುಂದೆ ಪಾಚಿ ಹಾಸಿದೆ. ಗಾಲಿಗೆ ಹೆಗಲು ಕೊಟ್ಟು, "ಎಳೀಲಾ ನನ್ನಪ್ಪಾ, ಬುಡಬ್ಯಾಡ!" ಎಂದು ಕಿರುಚಿದೆ. ಐರ್ಲೆಂಡಿನ ಕುದುರೆಗೆ ನಮ್ಮೂರ ಕನ್ನಡ ಚೆನ್ನಾಗಿಯೇ ಅರ್ಥವಾಯಿತು. ಗಾಡಿ ಒಂದೇ ಎಳೆತಕ್ಕೆ ಮೇಲೆದ್ದು ಬಂತು. ಮುದುಕ ಟೋಪಿ ತೆಗೆದು, ಎರಡೂ ಕೈಯಿಂದ ನನ್ನ ಕೈ ಹಿಡಿದುಕೊಂಡ.

ಊರಿಗೆ ಬಂದಾಗ ಅವ್ವ, "ಸಮುದ್ರ ಎಂಗಿತ್ಲಾ ಮಗ?" ಎಂದು ಕೇಳಿದಳು. ಇದನ್ನೇ ಹೇಳಿದೆ.

"ಅಷ್ಟು ದೂರ ಓಗಿ ಗಾಡಿ ತಳ್ಬುಟ್ಟು ಬಂದ್ಯಾ?" ಎಂದು ಹಣೆ ಚಚ್ಚಿಕೊಂಡಳು.

ಸಂಜೆ ಅವಳು ಜಗಲಿಯಲ್ಲಿ ಕೂತು ಕೇರಿಯವರಿಗೆಲ್ಲ ಹೇಳುತ್ತಿದ್ದ ಕತೆಯಲ್ಲಿ ನಾನು ಎತ್ತಿದ್ದು ಹಡಗು.