ಬಾಡಿಗೆಗೆ ಹೋದವರ ಇಟ್ಟಿಗೆ

ಡಾಲಸ್ ಪಕ್ಕದ ಫ್ರಿಸ್ಕೋದಲ್ಲಿ ಗೆಳೆಯರೊಬ್ಬರ ಗೃಹಪ್ರವೇಶ. ಹಿತ್ತಲಿನ ಇಟ್ಟಿಗೆ ನೆಲಕ್ಕೆ ಅವರು ಪೈಪಿನಿಂದ ನೀರು ಬಿಟ್ಟರು. ಬಿಸಿಲಿಗೆ ಕಾದ ಹಳೆಯ ಇಟ್ಟಿಗೆ ನೀರು ಕುಡಿಯುವ ವಾಸನೆ... ಹಿಂದೆ ಹೂಸ್ಟನ್ನಿನಲ್ಲಿದ್ದಾಗಿನ ಎದುರುಮನೆಯ ಅಜ್ಜ ನೆನಪಿನಿಂದ ಎದ್ದು ಬಂದರು.

ಎದ್ದು ಬಂದರು ಎಂದರೆ ಸುಳ್ಳು. ಮುಖ ನೆನಪಿಲ್ಲ. ಸಿಮೆಂಟು ಕಚ್ಚಿ ಬಿರಿದ ಬೆರಳುಗಳಷ್ಟೇ ಬರುತ್ತವೆ. ಅವರ ಇಂಗ್ಲಿಷ್ ಮಾತು ನನ್ನೊಳಗೆ ಕನ್ನಡವಾಗಿ ಕೂತಿದೆ. ಅದನ್ನೂ ಪೂರ್ತಿ ನಂಬಲಾರೆ.

ಹೂಸ್ಟನ್ನಿನ ಆ ಬೀದಿ ಕಪ್ಪು ಜನರ ಹಳೆಯ ಕೇರಿ. ನಾನಲ್ಲಿ ಬಾಡಿಗೆಗಿದ್ದೆ. ಅಜ್ಜ ಗಾರೆ ಕೆಲಸದಿಂದ ನಿವೃತ್ತರಾದವರು. ಬೀದಿಯ ಇಟ್ಟಿಗೆಗಳನ್ನು ಸುಟ್ಟು ಹಾಸಿದವರು ಗುಲಾಮಗಿರಿಯಿಂದ ಬಿಡುಗಡೆಯಾದವರೇ. ಅವರಲ್ಲಿ ಅಜ್ಜನ ಮುತ್ತಾತನೂ ಒಬ್ಬ. ದಿನಾ ಬೆಳಿಗ್ಗೆ, ನಮ್ಮಮ್ಮ ಬಾಗಿಲಿಗೆ ನೀರು ಹಾಕುತ್ತಿದ್ದ ಹಾಗೆ, ಅಜ್ಜ ಮನೆಯೆದುರಿನ ಇಟ್ಟಿಗೆಗಳಿಗೆ ನೀರು ಹಾಕುತ್ತಿದ್ದರು.

ಮುತ್ತಾತ ಗುಲಾಮನಾಗಿದ್ದಾಗ ಒಡೆಯ ಅವನನ್ನು ಪಟ್ಟಣದ ಇಟ್ಟಿಗೆ ಭಟ್ಟಿಗೆ ಬಾಡಿಗೆಗೆ ಬಿಡುತ್ತಿದ್ದನಂತೆ. ಕೂಲಿ ಒಡೆಯನಿಗೆ. ಪಕ್ಕದಲ್ಲೇ ಮಣ್ಣು ತುಳಿಯುತ್ತಿದ್ದ ಬಿಳಿಯ ಕೂಲಿಗಳಿಗೆ, ಇವನಿಂದ ತಮ್ಮ ಕೂಲಿ ಇಳಿಯಿತೆಂದು ಸಿಟ್ಟು. ಆ ಸಿಟ್ಟು ಒಡೆಯನ ಮನೆಗೆ ಹೋಗಲಿಲ್ಲ, ಮುತ್ತಾತನ ಬೆನ್ನಿಗೆ ಬಿತ್ತು. ಅಜ್ಜನ ಕಾಲದಲ್ಲೂ ಗಾರೆಯವರಿಗೆ ಎರಡು ಸಂಘ, ಬಿಳಿಯರದೊಂದು, ಇವರದೊಂದು. ಕಟ್ಟುತ್ತಿದ್ದದ್ದು ಒಂದೇ ಗೋಡೆ.

ನಾನಾಗ ಕನ್ಸಲ್ಟಿಂಗ್ ಕಂಪನಿಯೊಂದರ ವೀಸಾದಲ್ಲಿದ್ದೆ. ನಮ್ಮನ್ನೂ ಹೀಗೇ ಕ್ಲೈಂಟುಗಳಿಗೆ ಬಾಡಿಗೆಗೆ ಬಿಡುತ್ತಾರೆ ಎಂದೆ. ಅಜ್ಜ ನಕ್ಕರು.

"ಟಿಕೆಟ್ ತಗೊಂಡು ಊರಿಗೆ ಹೋಗಬಹುದಲ್ವೇನಪ್ಪ ನೀನು? ಹೋಗು ನೋಡೋಣ. ಓಡಿಹೋದ ಗುಲಾಮರ ಹಿಂದೆ ಬಿಟ್ಟ ಹಾಗೆ ಹಿಡಿಯೋಕೆ ನಾಯಿ ಬಿಡ್ತಾರಾ?"

ಆಮೇಲೆ ನೀರಿನ ಕೊಳವೆ ಹೂಳಲು ಬೀದಿ ಅಗೆದರು. ಇಟ್ಟಿಗೆಗಳನ್ನು ಜೋಪಾನವಾಗಿ ತೆಗೆದು ಅಲ್ಲೇ ಮತ್ತೆ ಹಾಸಬೇಕೆಂದು ಅಜ್ಜ ತಿಂಗಳುಗಟ್ಟಲೆ ನಗರಸಭೆಯ ಕಚೇರಿಗಳಿಗೆ ಅಲೆದಿದ್ದರು. ಹೋದಲ್ಲೆಲ್ಲ ಅಧಿಕಾರಿಗಳು ಆಗಲಿ ಎಂದಿದ್ದರು. ಅಗೆಯಲು ಬಂದವರು ಹೊಂಡುರಾಸಿನ ಗುತ್ತಿಗೆ ಕೂಲಿಗಳು. ಇಟ್ಟಿಗೆ ಒಡೆಯುತ್ತಿದ್ದಂತೆ ಬೀದಿಯವರು ಅವರನ್ನು ಬೈಯತೊಡಗಿದರು. ಅಜ್ಜ ತಡೆದರು.

"ಅವರನ್ನ ಬೈಬೇಡಿ. ನಮ್ಮ ಮುತ್ತಾತನ್ನೂ ಹೀಗೇ ಬೈದ್ರು."

ಉಳಿದ ಇಟ್ಟಿಗೆ ಲಾರಿಯಲ್ಲಿ ಹೋಯಿತು, ಡಾಂಬರು ಬಂತು. ಮರುದಿನ ಬೆಳಿಗ್ಗೆ ಅಜ್ಜ ಡಾಂಬರಿಗೇ ನೀರು ಹಾಕುತ್ತಿದ್ದುದನ್ನು ಕಂಡ ನೆನಪು... ನಾನೇ ಕಟ್ಟಿಕೊಂಡದ್ದೂ ಇರಬಹುದು. ನಾನು ಡಾಲಸ್ಸಿಗೆ ಶಿಫ್ಟ್ ಆದಮೇಲೆ ಅವರು ತೀರಿಕೊಂಡ ಸುದ್ದಿ ಬಂತು.

"ಆಂಟಿಕ್ ಬ್ರಿಕ್ಸು. ಹೂಸ್ಟನ್ ಕಡೆಯಿಂದ ತರಿಸಿದ್ದು, ಈಗ ಸಿಗೋದೇ ಇಲ್ಲ," ಎಂದರು ಫ್ರಿಸ್ಕೋದ ಗೆಳೆಯರು, ನೆಲಕ್ಕೆ ನೀರು ಬಿಡುತ್ತಲೇ.

ಅದೇ ಬೀದಿಯದೋ ಅಲ್ಲವೋ, ಹೇಳಲು ಅಜ್ಜನೂ ಇಲ್ಲ, ಬೀದಿಯೂ ಇಲ್ಲ. ಒಂದು ಇಟ್ಟಿಗೆಯ ಮೂಲೆಯಲ್ಲಿ, ಹಸಿ ಮಣ್ಣಿನಲ್ಲೇ ಒತ್ತಿದ ಬೆರಳಿನ ಗುರುತು. ಇದನ್ನು ಮಾಡಿದವರು ಯಾರು ಎಂದು ಕೇಳಿದೆ.

ನೆಲ ಆರುವ ಮೊದಲೇ, ಹಿತ್ತಲಿಗೆ ಇಟ್ಟಿಗೆ ಹಾಸಿಕೊಟ್ಟ ಕಂಟ್ರಾಕ್ಟರನ ನಂಬರು ಗೆಳೆಯರಿಂದ ನನ್ನ ಫೋನಿಗೆ ಬಂತು.