ಏಳನೇ ಫಾರಂ

ಬೈಂಡಿಂಗ್ ಅಂಗಡಿಯಲ್ಲಿ ಎಲ್ಲರೂ ಅವಳನ್ನು ದಬ್ಬಣದಕ್ಕ ಎನ್ನುತ್ತಿದ್ದರು. ಹತ್ತೊಂಬತ್ತು ವರ್ಷ ಅವಳು ಮಾಡಿದ್ದು ಒಂದೇ ಕೆಲಸ: ಮಡಚಿ ಬಂದ ಹಾಳೆಗಳನ್ನು ದಬ್ಬಣ ಹಿಡಿದು ಪುಸ್ತಕವಾಗಿ ಹೊಲಿಯುವುದು. ಹದಿನಾರು ಪುಟದ ಒಂದೊಂದು ಮಡಿಕೆಗೆ ಅಲ್ಲಿ ಫಾರಂ ಎಂದು ಹೆಸರು. ಎದುರಿಗೆ ಕೂತು ಫಾರಂ ಮಡಚುತ್ತಿದ್ದವರು ದೊಡ್ಡಪ್ಪ. ಅವರು ಅಲ್ಲಿ ಯಾರ ಸಂಬಂಧಿಯೂ ಅಲ್ಲ. ಅರವತ್ತು ದಾಟಿದ ಮೇಲೆ ಇಡೀ ಅಂಗಡಿಗೇ ದೊಡ್ಡಪ್ಪನಾಗಿಬಿಟ್ಟಿದ್ದರು.

ಹಳೆಯ ಯಜಮಾನರ ಕಾಲದಲ್ಲಿ ಒಂದೇ ಉದ್ದನೆಯ ಮೇಜು, ಸುತ್ತ ಹನ್ನೊಂದು ಜನ. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು, ಬಾಯಿ ತನ್ನ ಪಾಡಿಗೆ. ಫಾರಂ ಉಲ್ಟಾ ಮಡಚಿ ಬಂದರೆ ಅವಳು ದಬ್ಬಣದ ಹಿಡಿಯಿಂದ ಮೇಜಿನ ಮೇಲೆ ಎರಡು ಸಲ ಕುಟ್ಟುತ್ತಿದ್ದಳು, ಅಷ್ಟೇ. "ಏನು ದೊಡ್ಡಪ್ಪಾ, ಓದೋರು ಹಿಂದಕ್ಕೂ ಮುಂದಕ್ಕೂ ಓಡಾಡ್ಕೊಂಡು ಓದ್ಬೇಕಾ?" ದೊಡ್ಡಪ್ಪ ನಗುತ್ತ ಕೈ ಚಾಚಿ ಫಾರಂ ವಾಪಸು ಇಸಿದುಕೊಳ್ಳುತ್ತಿದ್ದರು. ಅವಳ ಹೊಲಿಗೆ ಸಡಿಲವಾದರೆ ಅಂಟು ಹಚ್ಚುವವನೂ ಹೀಗೇ ಕುಟ್ಟುತ್ತಿದ್ದ. ಕುಟ್ಟಿಸಿಕೊಳ್ಳುವುದರಲ್ಲಿ ಯಾರಿಗೂ ಅವಮಾನವಿರಲಿಲ್ಲ. ತಪ್ಪು ಆ ಮೇಜು ದಾಟಿ ಹೋಗಿದ್ದೇ ಅಪರೂಪ. ಪಕ್ಕದ ಬೀದಿಯ ದೊಡ್ಡ ಪ್ರೆಸ್ಸಿನವರು ಎರಡು ಸಲ ಕರೆದರೂ ಅವಳು ಹೋಗಿರಲಿಲ್ಲ.

ಆಮೇಲೆ ಯಜಮಾನರು ಹಾಸಿಗೆ ಹಿಡಿದರು, ಅಳಿಯ ಬಂದ.

ಬಂದವನು ಮೊದಲ ವಾರವೇ ಆ ಮೇಜನ್ನು ಕೊಯ್ಯಿಸಿ ಹನ್ನೊಂದು ತುಂಡು ಮಾಡಿಸಿ, ಒಬ್ಬೊಬ್ಬರನ್ನೂ ಗೋಡೆಗೆ ಮುಖಮಾಡಿ ಕೂರಿಸಿದ. ತುಂಟ ಮಕ್ಕಳನ್ನು ಮೂಲೆಗೆ ನಿಲ್ಲಿಸುತ್ತಾರಲ್ಲ, ಹಾಗೆ! ಅವರೇನು ತಪ್ಪು ಮಾಡಿದ್ದರು? ಮಾತಾಡಕೂಡದು, ಕುಟ್ಟಕೂಡದು. ಇಷ್ಟು ಸಾಲದೆಂದು ಬಾಗಿಲ ಪಕ್ಕ ಸಾಲಾಗಿ ಕೊಕ್ಕೆ ಹೊಡೆಸಿದ. ಯಾರ ಕೈಯಲ್ಲಿ ಪುಸ್ತಕ ಕೆಟ್ಟಿತೋ ಅವರ ಹೆಸರಿನ ಚೀಟಿ ಕಟ್ಟಿ ಅದನ್ನು ವಾರವಿಡೀ ಅಲ್ಲಿ ನೇತುಹಾಕುವುದು. ದಿನಕ್ಕೆ ಇಷ್ಟೆಂದು ಗೊತ್ತುಮಾಡಿದ ಪುಸ್ತಕಗಳಲ್ಲಿ ಒಂದು ಕಡಿಮೆಯಾದರೂ ಹೆಸರು ಕೊಕ್ಕೆಗೆ. ಕಾಗದ ತಂದಿಳಿಸುವ ಗಾಡಿಯವನು ಕೂಡ ಒಳಗೆ ಕಾಲಿಟ್ಟೊಡನೆ ಅವನ್ನೇ ಓದುತ್ತಿದ್ದ. ದುಡಿಯುವವರ ಮಾನವನ್ನು ಬಾಗಿಲಲ್ಲಿ ನೇತುಹಾಕುವ ಈ ಬುದ್ಧಿಗೆ ಆ ಮಹಾಶಯ ಇಟ್ಟ ಹೆಸರು ಶಿಸ್ತು.

ಆ ಶಿಸ್ತಿನಿಂದ ಆದದ್ದೇನು? ಆರು ತಿಂಗಳಲ್ಲಿ ನಾಲ್ವರು ಬಿಟ್ಟುಹೋದರು. ಉಳಿದವರು ಬಾಯಿಗೆ ಬೀಗ ಹಾಕಿಕೊಂಡರು. ಪಕ್ಕದವರ ತಪ್ಪು ಕಂಡರೂ ಹೇಳುವ ಹಾಗಿಲ್ಲ, ಹೇಳಿದರೆ ಅವರ ಹೆಸರು ನೇತಾಡುತ್ತದೆ. ಅಳಿಯ ಮಾತ್ರ ಬಂದವರ ಮುಂದೆಲ್ಲ, "ಈಗಿನ ಜನಕ್ಕೆ ನಿಯತ್ತೇ ಇಲ್ಲ" ಎಂದು ರಾಗ ಎಳೆಯುತ್ತಿದ್ದ. ಹೇಳಲು ನಾಚಿಕೆಯಾದರೂ ಬೇಡವೇ!

"ನೀನೂ ಬಿಟ್ಟುಬಾರೇ," ಎಂದ ಅವಳ ಗಂಡ. "ದೊಡ್ಡ ಪ್ರೆಸ್ಸಿನವ್ರು ಈಗ್ಲೂ ತಗೋತಾರೆ."

"ನಾನ್ಯಾಕ್ರೀ ಬಿಡ್ಲಿ? ಅವನು ನಿನ್ನೆ ಮೊನ್ನೆ ಬಂದವನು. ಗೋಡೆ ಕಡೆ ಕೂರಿಸ್ಲಿ, ಬಾಯಿ ಮುಚ್ಚಿಸ್ಲಿ. ನನ್ನ ಕೆಲಸ ನನ್ನ ಕೈಯಲ್ಲಿರುತ್ತೆ, ಅದನ್ನೇನು ಮಾಡ್ತಾನೆ?"

ಆ ನಂಬಿಕೆಯೊಂದರ ಮೇಲೆಯೇ ಅವಳು ಅಲ್ಲಿ ಉಳಿದಿದ್ದಳು.

ಶಾಲೆಯ ಪುಸ್ತಕಗಳ ರಾಶಿ ಬಂದ ವಾರ. ಗಂಟೆ ಹೊಡೆಯಲು ಐದು ನಿಮಿಷ, ದಿನದ ಲೆಕ್ಕಕ್ಕೆ ಒಂದೇ ಪುಸ್ತಕ ಬಾಕಿ. ಮಡಚಿಟ್ಟಿದ್ದರಲ್ಲಿ ಉಳಿದಿದ್ದ ಒಂದೇ ಏಳನೇ ಫಾರಂ ಎತ್ತಿಕೊಂಡಳು. ಉಲ್ಟಾ ಮಡಿಕೆ; ತೊಂಬತ್ತಾರನೇ ಪುಟದ ಬೆನ್ನಿಗೇ ನೂರಮೂರು. ದೊಡ್ಡಪ್ಪನ ಕಣ್ಣಿಗೆ ಪೊರೆ ಬಂದು ಎರಡು ತಿಂಗಳಾಗಿತ್ತು. ಅವಳ ಕೈ ತಾನಾಗಿ ಕುಟ್ಟಲು ಎದ್ದು, ಹಾಗೇ ನಿಂತಿತು. ದೊಡ್ಡಪ್ಪನ ಹೆಸರಿನಲ್ಲಿ ಆಗಲೇ ಎರಡು ಪುಸ್ತಕ ನೇತಾಡುತ್ತಿದ್ದವು. ಮೂರನೆಯದಕ್ಕೆ ಮನೆಗೆ ಕಳಿಸುವುದಾಗಿ ಅಳಿಯ ಸಾರಿದ್ದ. ತಾನೇ ಬಿಚ್ಚಿ ಮಡಚಿ, ಭಾರ ಹೇರಿ ಕೂರಿಸೋಣವೆಂದರೆ ಅಷ್ಟರಲ್ಲಿ ಗಂಟೆ ಹೊಡೆದು ಲೆಕ್ಕ ತಪ್ಪುತ್ತದೆ, ತನ್ನ ಹೆಸರು ನೇತಾಡುತ್ತದೆ.

ಹೊಲಿದುಬಿಟ್ಟಳು.

ಮನೆಗೆ ಬಂದರೆ ಮಗಳು ಪುಸ್ತಕ ಬಿಚ್ಚಿಕೊಂಡು ಲೆಕ್ಕ ಮಾಡುತ್ತಿದ್ದಳು. ಅವಳು ಪುಟ ತಿರುವಿದಾಗಲೆಲ್ಲ ತಾಯಿ ಬಗ್ಗಿ ಪುಟದ ಸಂಖ್ಯೆ ನೋಡುತ್ತಿದ್ದಳು.

ಮರುದಿನ ಎಲ್ಲರಿಗಿಂತ ಮೊದಲೇ ಹೋಗಿ ರಾಶಿಯಲ್ಲಿ ಹುಡುಕಿ ಆ ಪುಸ್ತಕ ತೆಗೆದಳು. ತನ್ನ ಹೆಸರನ್ನೇ ಚೀಟಿಯಲ್ಲಿ ಬರೆದು ಅದಕ್ಕೆ ಕಟ್ಟಿ ಕೊಕ್ಕೆಗೆ ಹಾಕಿದಳು. ಆಮೇಲೆ ದಬ್ಬಣವನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕಿಟ್ಟುಕೊಂಡಳು. ಉಳಿದ ಆರು ಜನ ಬಂದು ಗೋಡೆಗೆ ಮುಖಮಾಡಿ ಕೂತಾಗ ಅಳಿಯನೂ ಬಂದ. ಕೊಕ್ಕೆ ತೋರಿಸಿ, ಕೆಲಸ ಬಿಡುತ್ತಿದ್ದೇನೆ ಎಂದಳು.

"ಒಂದು ತಪ್ಪಿಗೆಲ್ಲ ಯಾರಾದ್ರೂ ಕೆಲಸ ಬಿಡ್ತಾರೇನಮ್ಮಾ?" ಎಂದ. ದೊಡ್ಡ ಮನಸ್ಸು ಮಾಡಿದವನ ಧಾಟಿ ಬೇರೆ!

"ತಪ್ಪಾಗಿದ್ರೆ ಬಿಡ್ತಿರ್ಲಿಲ್ಲ ಸಾರ್. ಕಣ್ಣಾರೆ ಕಂಡು, ಗೊತ್ತಿದ್ದೂ ಹೊಲಿದೆ. ಹತ್ತೊಂಬತ್ತು ವರ್ಷದಲ್ಲಿ ಇದೇ ಮೊದ್ಲು. ರಾತ್ರಿಯೆಲ್ಲ ಸಂಕಟ ಆಯ್ತು. ಇಲ್ಲೇ ಇದ್ರೆ, ಮುಂದಿನ ತಿಂಗಳು ಆ ಸಂಕಟಾನೂ ಆಗಲ್ಲ."

ಅವಳು ಹೋಗುತ್ತ ದೊಡ್ಡಪ್ಪನ ಮೇಜಿನ ತುಂಡಿನ ಮೇಲೆ ಬೆರಳ ಗೆಣ್ಣಿನಿಂದ ಎರಡು ಸಲ ಕುಟ್ಟಿದಳು. ದೊಡ್ಡಪ್ಪ ಗೋಡೆಯ ಕಡೆ ನೋಡುತ್ತಲೇ ಹಳೆಯ ಅಭ್ಯಾಸದಂತೆ ಕೈ ಚಾಚಿದರು. ವಾಪಸು ಕೊಡಲು ಅವಳ ಹತ್ತಿರ ಯಾವ ಫಾರಮ್ಮೂ ಇರಲಿಲ್ಲ. ಆ ಕೈಯನ್ನೇ ಒಂದು ಗಳಿಗೆ ಗಟ್ಟಿಯಾಗಿ ಹಿಡಿದುಕೊಂಡು, ಹೊರಗೆ ನಡೆದಳು.