ತಂತಿಯಿಲ್ಲದ ಸೆನ್ಸರ್ ತೋರಿಸಿದ ಶಾಖ

ಇಲ್ಲಿ ಬರೆಯುತ್ತಿರುವುದರಲ್ಲಿ ನಿಜವಾಗಿ ನಡೆದದ್ದೆಷ್ಟು, ಆಮೇಲೆ ನನ್ನ ತಲೆ ಸೇರಿಸಿಕೊಂಡದ್ದೆಷ್ಟು ಎಂಬುದು ನನಗೇ ಖಚಿತವಿಲ್ಲ. ನಾನು ಭೌತಶಾಸ್ತ್ರ ಓದಿದವನು. ಯಾರಾದರೂ ಇಂಥ ಕತೆ ಶುರು ಮಾಡಿದರೆ ಪ್ರಶ್ನೆ ಕೇಳಿ ಕೇಳಿಯೇ ಅವರ ಬಾಯಿ ಮುಚ್ಚಿಸುತ್ತಿದ್ದೆ. ಈಗ ಅವೇ ಪ್ರಶ್ನೆಗಳನ್ನು ನನಗೆ ಕೇಳಿಕೊಳ್ಳುತ್ತಿದ್ದೇನೆ. ಅಂದು ಹಸ್ಮುಖ್‌ಭಾಯಿ ಸಾಯುವುದರಲ್ಲಿದ್ದರು, ಬದುಕಿದರು. ಅಷ್ಟರಲ್ಲಿ ಮಾತ್ರ ಅನುಮಾನವಿಲ್ಲ.

ಆಗ ನಾನು ವಡೋದರಾದ ಮಕರಪುರದಲ್ಲಿ ಒಂದು ಸಣ್ಣ ಕಾರ್ಖಾನೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದೆ. ಅಲ್ಲಿನ ಲಿನಕ್ಸ್ ಸರ್ವರನ್ನು ಅಪ್‌ಡೇಟ್ ಮಾಡಿದ ಮೇಲೆ ಅದರ ಉಷ್ಣತೆಯ ಅಂಕಿಗಳು ಕಾಣದಾಗಿದ್ದವು. ಯಂತ್ರ ಕಾದು ಕೆಂಡವಾದರೂ ಎಚ್ಚರಿಕೆ ಬರುವಂತಿರಲಿಲ್ಲ. ಕೆಲಸದ ದಿನ ಅದನ್ನು ಮುಟ್ಟಲು ಯಾರೂ ಬಿಡುವುದಿಲ್ಲವಾದ್ದರಿಂದ ಉತ್ತರಾಯಣದ ರಜೆಯ ದಿನ ಹೋದೆ. ಇಡೀ ಊರು ಮಾಳಿಗೆ ಹತ್ತಿ ಗಾಳಿಪಟ ಹಾರಿಸುವ ದಿನ ಅದು. ಗೇಟಿನ ಕಾವಲುಗಾರನನ್ನು ಬಿಟ್ಟರೆ ಕಾರ್ಖಾನೆಯಲ್ಲಿದ್ದವರು ಎಲೆಕ್ಟ್ರಿಷಿಯನ್ ಹಸ್ಮುಖ್‌ಭಾಯಿ ಒಬ್ಬರೇ. ಕಂಕುಳಲ್ಲಿ ಮಾಂಜಾ ದಾರದ ಉರುಳೆ ಇತ್ತು.

"ಅರೇ ಸಾಹೇಬ್, ಆಜ್ ತೋ ಉತ್ತರಾಯಣ್ ಛೇ! ಆಜ್ ಭೀ ಮಷೀನ್?" ಹಬ್ಬದ ದಿನವೂ ಯಂತ್ರವೇ ಎಂದು ಅವರಿಗೆ ಅಚ್ಚರಿ.

"ಬಸ್ ಆಧಾ ಘಂಟಾ, ಹಸ್ಮುಖ್‌ಭಾಯ್."

"ಆಪ್ ಕಾ ಆಧಾ ಘಂಟಾ? ಮಾಲೂಮ್ ಹೈ!" ನನ್ನ ಅರ್ಧ ಗಂಟೆ ಎಷ್ಟು ಉದ್ದವೆಂದು ತನಗೆ ಗೊತ್ತು ಎಂದು ನಗುತ್ತ ಮಾಳಿಗೆಯ ಮೆಟ್ಟಿಲು ಹತ್ತಿದರು.

ಸರಿಯಾದ ಡ್ರೈವರ್ ಹುಡುಕಿ ಹಾಕುವುದರೊಳಗೆ ಮಧ್ಯಾಹ್ನವಾಯಿತು. ಅಂಕಿಗಳು ಮರಳಿ ಬಂದವು. ಪ್ರೊಸೆಸರ್, ಡಿಸ್ಕ್ ಎಲ್ಲ ತಣ್ಣಗಿದ್ದವು. ಕೊನೆಯಲ್ಲಿ ಇನ್ನೊಂದು ಸೆನ್ಸರಿನ ಹೆಸರಿತ್ತು. ಈ ಕೆಲಸ ಮಾಡುವವರಿಗೆಲ್ಲ ಇದು ಗೊತ್ತು: ಚಿಪ್‌ನಲ್ಲಿ ಸೆನ್ಸರಿಗೆಂದು ಜಾಗ ಬಿಟ್ಟಿರುತ್ತಾರೆ, ತಂತಿ ಜೋಡಿಸಿರುವುದಿಲ್ಲ. ಅದು ಸೊನ್ನೆಗಿಂತ ನೂರು ಡಿಗ್ರಿ ಕೆಳಗೆ ಎಂಬಂಥ ಅಸಂಬದ್ಧ ಅಂಕಿ ತೋರಿಸುತ್ತ ಬಿದ್ದಿರುತ್ತದೆ. ನಮ್ಮದೂ ಹಾಗೆಯೇ ಇತ್ತು. ಅಂದು ಮಾತ್ರ ನಲವತ್ತೊಂದು ಎಂದಿತು. ಮತ್ತೆ ನೋಡಿದೆ, ನಲವತ್ತಾರು.

ಇಂಥದ್ದನ್ನು ಮರೆಮಾಡಲು ಸೆಟ್ಟಿಂಗ್ಸ್ ಫೈಲಿನಲ್ಲಿ ಒಂದು ಸಾಲು ಬರೆದರೆ ಸಾಕು. ಬರೆದೆ. ಆದರೂ ಅದು ಹೋಗಲಿಲ್ಲ. ಐವತ್ತೆರಡು ತೋರಿಸಿತು. ಬರೆದ ಸಾಲನ್ನು ಅಕ್ಷರ ಅಕ್ಷರ ಓದಿದೆ, ತಪ್ಪಿರಲಿಲ್ಲ. ಯಂತ್ರದ ಮೇಲೆ ಕೈಯಿಟ್ಟೆ, ತಣ್ಣಗಿತ್ತು. ಅಂಕಿ ಅರವತ್ತರ ಹತ್ತಿರ ಬಂದಾಗ ಆ ಕೋಣೆಯಲ್ಲಿ ಒಬ್ಬನೇ ಕೂರಲು ಮನಸ್ಸಾಗಲಿಲ್ಲ. ಸೂರತ್‌ನ ಅಡಾಜಣ್‌ನಲ್ಲಿದ್ದ ಗೆಳೆಯ ಮಹಾಂತೇಶನಿಗೆ ಫೋನ್ ಮಾಡಿದೆ. ಅವನದೂ ಇದೇ ಕೆಲಸ.

"ಲೇ, ವಾಯರ್ ಇಲ್ಲದ ಪಿನ್ನಿಗೆ ಜ್ವರ ಬಂತು ಅಂತ ಹಬ್ಬದ ದಿನ ನನಗ ಫೋನ್ ಮಾಡ್ತೀಯಲ್ಲೋ!"

"ಮರೆ ಮಾಡಿದ್ರೂ ಕಾಣ್ತಿದೆ ಕಣೋ. ಏರ್ತಾನೇ ಇದೆ."

"ಅರ್ಥಿಂಗ್ ಸಡಿಲ ಆಗಿರಬೇಕು. ನಿಮ್ಮ ಎಲೆಕ್ಟ್ರಿಷಿಯನ್‌ಗ ತೋರಸು. ದೆವ್ವ ಗಿವ್ವ ಅಂದ್ರ ನಿನ್ನ ಡಿಗ್ರಿ ವಾಪಸ್ ಕಸ್ಕೋತಾರ ನೋಡು."

ಅವನು ಹೇಳಿದ್ದು ಸರಿಯೆನಿಸಿತು. ಹಸ್ಮುಖ್‌ಭಾಯಿಯನ್ನು ಕರೆಯಲು ಮಾಳಿಗೆಗೆ ಹೋದೆ. ಅವರಿರಲಿಲ್ಲ. ಉರುಳೆ ನೆಲದಲ್ಲಿ ಬಿದ್ದಿತ್ತು. ಅದರ ದಾರ ಬಿಗಿಯಾಗಿ ಮೋಟುಗೋಡೆ ದಾಟಿ ಕೆಳಗಿಳಿದಿತ್ತು. ಬಗ್ಗಿ ನೋಡಿದರೆ, ಸರ್ವರ್ ಕೋಣೆಗೆ ಅಂಟಿಕೊಂಡಿದ್ದ ಯುಪಿಎಸ್ ಬ್ಯಾಟರಿಗಳ ಕೋಣೆಯ ಎಕ್ಸಾಸ್ಟ್ ಫ್ಯಾನು ದಾರವನ್ನು ಸುತ್ತಿಕೊಂಡು ನಿಂತೇ ಹೋಗಿತ್ತು.

ಓಡಿ ಇಳಿದು ಆ ಕೋಣೆಯ ಬಾಗಿಲು ತೆರೆದೆ. ಬಿಸಿ ಗಾಳಿ ಮುಖಕ್ಕೆ ಬಡಿಯಿತು, ಕೊಳೆತ ಮೊಟ್ಟೆಯ ನಾತ. ಫ್ಯಾನಿನ ಕೆಳಗೆ ಹಸ್ಮುಖ್‌ಭಾಯಿ ಬಿದ್ದಿದ್ದರು, ಕೈಯಲ್ಲಿ ಇಕ್ಕಳವಿತ್ತು. ದಾರ ಕತ್ತರಿಸಲು ಒಳಹೊಕ್ಕಿದ್ದರು. ಕಾದು ಉಬ್ಬಿದ ಬ್ಯಾಟರಿಗಳ ಅನಿಲ ಹೊರಹೋಗದೆ ಅಲ್ಲೇ ತುಂಬಿತ್ತು. ಉಸಿರು ಬಿಗಿಹಿಡಿದು, ರಟ್ಟೆ ಹಿಡಿದು ಅಂಗಳಕ್ಕೆ ಎಳೆದು ತಂದೆ. ಕೂಗು ಕೇಳಿ ಬಂದ ಕಾವಲುಗಾರ ಎಲ್ಲ ಸ್ವಿಚ್ಚುಗಳನ್ನೂ ಆರಿಸಿದ. ಸುತ್ತಲಿನ ಮಾಳಿಗೆಗಳಿಂದ ಹಾಡು, ಪೀಪಿ. ಅವರ ಎದೆಯ ಮೇಲೆ ಕೈಯಿಟ್ಟು ಕೂತೆ. ಆಂಬುಲೆನ್ಸ್ ಬರುವವರೆಗೆ ಅದು ಏರಿಳಿಯುತ್ತಿದೆಯೋ ಇಲ್ಲವೋ ಎಂದು ಗೊತ್ತಾಗಲೇ ಇಲ್ಲ.

ಮರುದಿನ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟವರೇ ಕೇಳಿದ್ದು, "ಮೇರಾ ಪತಂಗ್ ಕಿಸ್ ನೇ ಕಾಟಾ?" ತನ್ನ ಗಾಳಿಪಟ ಕತ್ತರಿಸಿದವರು ಯಾರು ಎಂದು.

ವಿದ್ಯುತ್ ಕಡಿದಾಗ ಪರದೆಯ ಮೇಲಿದ್ದದ್ದೆಲ್ಲ ಹೋಗಿತ್ತು. ಸರ್ವರನ್ನು ಮತ್ತೆ ಶುರು ಮಾಡಿದಾಗ ಆ ಸೆನ್ಸರ್ ಕಾಣಲಿಲ್ಲ. ನಾನು ಬರೆದ ಸಾಲು ಮಾಡಬೇಕಾದ್ದನ್ನೇ ಮಾಡುತ್ತಿತ್ತು. ಸಾಲನ್ನು ಅಳಿಸಿದರೆ ಅದೇ ಹಳೆಯ ಅಸಂಬದ್ಧ ಅಂಕಿ. ಮಹಾಂತೇಶನಿಗೆ ತನ್ನ ಹಾಸ್ಯ ನೆನಪಿದೆ. ನಾನು ಯಾವುದಾದರೂ ಅಂಕಿ ಹೇಳಿದೆನೇ ಎಂದರೆ ನೆನಪಿಲ್ಲ. ಹಾಗಾದರೆ ನಾನು ಕಂಡದ್ದೇನು? ನನಗೆ ಹೊಳೆದ ಒಂದೇ ಉತ್ತರವೆಂದರೆ, ಪಕ್ಕದ ಕೋಣೆಯ ನಾತ ಗೋಡೆಯ ಸಂದಿಯಿಂದಲೋ ಬಾಗಿಲಿನಿಂದಲೋ ಬಂದು, ಗಮನಕ್ಕೆ ಬಾರದೆಯೇ ಮೂಗಿಗೆ ಮುಟ್ಟಿರಬೇಕು. ಅದು ಹುಟ್ಟಿಸಿದ ದಿಗಿಲನ್ನೇ ನನ್ನ ಮನಸ್ಸು ಅಂಕಿಯಾಗಿ ಓದಿರಬೇಕು. ಈ ಉತ್ತರದಿಂದ ಸಮಾಧಾನವಾಗಬೇಕಿತ್ತು. ಆದರೆ ಪರೀಕ್ಷಿಸದೆ ಬಿಡುವುದು ನನ್ನ ಜಾಯಮಾನವಲ್ಲ.

ಹಳೆಯ ಬ್ಯಾಟರಿಗಳನ್ನು ಸಾಗಿಸಿ ಕೋಣೆ ಖಾಲಿಯಿದ್ದ ದಿನ, ಕೆಲಸಕ್ಕೆ ಮರಳಿದ್ದ ಹಸ್ಮುಖ್‌ಭಾಯಿಗೆ ಒಂದು ಕಟ್ಟು ಊದುಬತ್ತಿ ಕೊಟ್ಟು ಅಲ್ಲಿ ಹಚ್ಚಿಡಲು ಹೇಳಿದೆ. ಫ್ಯಾನು ಆರಿಸಿ, ಎರಡೂ ಕೋಣೆಗಳ ಬಾಗಿಲು ಮುಚ್ಚಿದೆವು.

"ಸಾಹೇಬ್, ಪೂಜಾ ಚಾಲೂ?" ಎಂದು ಅವರು ಹೊರಗಿನಿಂದ ಕೂಗಿ ನಗುತ್ತಿದ್ದರು.

ಸರ್ವರಿನ ಮುಂದೆ ಅದೇ ಕುರ್ಚಿಯಲ್ಲಿ ಕೂತಿದ್ದೆ. ಊದುಬತ್ತಿಗಳು ಪೂರ್ತಿ ಉರಿದು ಬೂದಿಯಾದವು. ಗೋಡೆಗೆ ಮೂಗು ತಾಗಿಸಿ ಕೂಡ ನೋಡಿದೆ. ಯಾವ ವಾಸನೆಯೂ ಬರಲಿಲ್ಲ.